ತೊಳೆಯಬಾರದ ಜಾಕೆಟ್

ಮಾರ್ಚ್ 4, 2025. ಮಂಗಳವಾರ

ಇವತ್ತೂ ಚಟ್ನಿ ನೀರು. ಅಚ್ಯುತನಿಗೆ ಹೇಳಿದೆ. ಮಗ ಎಂದು ಬಿಡಲಿಲ್ಲ, ಅಡುಗೆಭಟ್ಟರ ಎದುರಿಗೇ ಹೇಳಿದೆ. ವಡೋದರಾದ ಮಂಜಲ್‌ಪುರದಲ್ಲಿ ನಮ್ಮ ಹೋಟೆಲು ನಿಂತಿರುವುದು ಚಟ್ನಿಯ ಮೇಲೆ, ಬೋರ್ಡಿನ ಮೇಲಲ್ಲ. ಯಜಮಾನರು ಹೋದ ಮೇಲೆ ನನ್ನ ನಾಲಿಗೆ ದಾಟದೆ ಚಟ್ನಿ ಹೊರಗೆ ಹೋದದ್ದಿಲ್ಲ. ನಿನ್ನೆ ಮೊಣಕಾಲು ನೋವೆಂದು ಮಲಗಿದ್ದೇ ತಪ್ಪಾಯಿತು.

ಸಂಜೆ ಶ್ರುತಿ ಡ್ಯೂಟಿಯಿಂದ ಬಂದಳು. ಸೊಸೆ ಕೇಂದ್ರ ಪೊಲೀಸ್ ಪಡೆಯಲ್ಲಿ ಕಾನ್‌ಸ್ಟೆಬಲ್. ಮದುವೆಗೆ ಮೊದಲೇ ಇದ್ದ ನೌಕರಿ. ಬಿಟ್ಟು ಕ್ಯಾಶ್ ಕೌಂಟರಿನಲ್ಲಿ ಕೂರು ಎಂದು ಹೇಳಿ ಹೇಳಿ ನಾನು ಸೋತದ್ದು ಅವಳೊಬ್ಬಳ ಹತ್ತಿರವೇ. ಇವತ್ತು ಮುಖ ಅರಳಿತ್ತು. ಕೈಯಲ್ಲಿ ಒಂದು ದಪ್ಪ ಜಾಕೆಟ್.

"ಅತ್ತೆ, ದೇಖೋ! ಬುಲೆಟ್‌ಪ್ರೂಫ್. ಲೇಡೀಸ್ ಸೈಜ್!"

ಇಷ್ಟು ವರ್ಷ ಗಂಡಸರ ಅಳತೆಯದ್ದನ್ನೇ ಹಾಕಿಕೊಳ್ಳುತ್ತಿದ್ದರಂತೆ. ಕುಳಿತರೆ ಗಲ್ಲಕ್ಕೆ ಬಡಿಯುತ್ತದೆ, ಕೈ ಎತ್ತಿದರೆ ಎದೆ ಬಿಟ್ಟು ಮೇಲೇರುತ್ತದೆ. ಈಗ ಪಡೆಯಲ್ಲಿ ಎಲ್ಲ ಹೊಸತು — ವಯರ್‌ಲೆಸ್, ಎದೆಗೆ ಸಿಕ್ಕಿಸುವ ಕ್ಯಾಮೆರಾ, ಹಗುರ ಹೆಲ್ಮೆಟ್. ಈ ಜಾಕೆಟನ್ನು ವಡೋದರಾದ ಕೆಲವು ಹೆಂಗಸರಿಗೆ ಮಾತ್ರ ಟ್ರಯಲ್ಲಿಗೆ ಕೊಟ್ಟಿದ್ದಾರೆ. ತಿಂಗಳಿಡೀ ಹಾಕಿಕೊಂಡು ಓಡಾಡಿ, ಎಲ್ಲಿ ಚುಚ್ಚುತ್ತದೆ, ಎಲ್ಲಿ ಬಿಗಿ ಎಂದು ಹೇಳಬೇಕು. ಅಹಮದಾಬಾದಿನಲ್ಲಿ ಹೊಸದಾಗಿ ಮಹಿಳಾ ಸ್ಕ್ವಾಡ್ ಆಗುತ್ತಿದೆ. ಟ್ರಯಲ್ ಸರಿಯಾಗಿ ಮುಗಿಸಿದವರು ನೇರ ಅದಕ್ಕೆ. ಶ್ರುತಿಗೆ ಬೇಕಾದದ್ದು ಅದೊಂದೇ.

"ನೀನು ಅಹಮದಾಬಾದಿಗೆ ಹೋದರೆ ಇಲ್ಲಿ ಮನೆ?"

"ಟ್ರೇನ್ ಉಂಟಲ್ಲ ಅತ್ತೆ. ದೋ ಘಂಟೆ!"

ಸೂರತ್ತಿನ ಪಾಂಡೇಸರಾದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಮಿಲ್ಲಿನವರಿಗೆ ಕ್ಯಾಂಟೀನ್ ನಡೆಸುತ್ತಿದ್ದವರು. ಕನ್ನಡ ಅರ್ಧ, ಉಳಿದದ್ದು ಹಿಂದಿ, ಗುಜರಾತಿ. ಆದರೆ ಎಲ್ಲದಕ್ಕೂ ಉತ್ತರ ಮಾತ್ರ ಉಂಟು.

ಮಾರ್ಚ್ 11, ಮಂಗಳವಾರ

ಜಾಕೆಟ್ ನಾರುತ್ತಿದೆ. ಬಿಸಿಲು ಏರಿದೆ, ದಿನವಿಡೀ ಬೆವರು. ತಂದು ಊಟದ ಕುರ್ಚಿಯ ಬೆನ್ನಿಗೆ ನೇತುಹಾಕುತ್ತಾಳೆ! ಈ ಮನೆಯಲ್ಲಿ ಡ್ಯೂಟಿಯ ಬಟ್ಟೆ ಬಚ್ಚಲು ದಾಟಿ ಒಳಗೆ ಬರುವುದಿಲ್ಲ, ಅವಳಿಗೂ ಗೊತ್ತು.

"ಇದನ್ನು ತೊಳೆಯುವುದು ಯಾವಾಗ?"

"ಅತ್ತೆ, ಅದು ಹಾಗೇ ಇರ್ಲಿ. ಪ್ಲೀಸ್. ಮುಟ್ಟಬೇಡಿ."

ಸೋಮಾರಿತನಕ್ಕೆ ಇಂಗ್ಲಿಷಿನಲ್ಲಿ ಪ್ಲೀಸ್ ಎನ್ನುತ್ತಾರೆ ಎಂದು ಇವತ್ತು ತಿಳಿಯಿತು.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಇವತ್ತು ಹೋಳಿ. ಮನೆಯೆಲ್ಲ ತೊಳೆಸಿದೆ. ಪರದೆ, ಹಾಸಿಗೆ ಬಟ್ಟೆ, ಕಾಲೊರಸು. ಶ್ರುತಿ ಯೂನಿಫಾರ್ಮಿನಲ್ಲಿ ಪರೇಡಿಗೆ ಹೋಗಿದ್ದಳು, ಜಾಕೆಟ್ ಮನೆಯಲ್ಲೇ. ಒಳ್ಳೆಯದಾಯಿತು.

ನೀಲಿ ಡ್ರಮ್ಮಿನಲ್ಲಿ ಸೋಡಾ ಹಾಕಿ ನೆನೆಸಿದೆ. ನೀರು ಕಾಫಿ ಬಣ್ಣಕ್ಕೆ ಬಂತು. ಮೇಲುಮೇಲೆ ಉಜ್ಜಿ ಬಿಡುವವಳು ನಾನಲ್ಲ — ಬದಿಯ ಹೊಲಿಗೆ ಬಿಚ್ಚಿದೆ. ಒಳಗೆ ಕಪ್ಪು ಚೀಲದಂಥ ಹೊದಿಕೆ, ಅದನ್ನೂ ಕತ್ತರಿಸಿದೆ. ಅದರೊಳಗೆ ಪದರ ಪದರವಾಗಿ ಹಳದಿ ಬಟ್ಟೆ. ಬೆವರು ಅಲ್ಲಿಯವರೆಗೆ ಇಳಿದಿದೆ! ಬ್ರಷ್ ಹಾಕಿ ತಿಕ್ಕಿದೆ, ಹಳದಿ ಪೂರ್ತಿ ಹೋಗಲಿಲ್ಲ. ಭಾರಕ್ಕೆ ತಂತಿ ತಡೆಯಲಿಲ್ಲ. ಟೆರೇಸಿನಲ್ಲಿ ಹಪ್ಪಳದ ಚಾಪೆ ಹಾಸಿ, ಪದರಗಳನ್ನು ಬಿಡಿಸಿ ಒಣಗಿಸಿದೆ. ಒಳ್ಳೆಯ ಬಿಸಿಲು. ಮತ್ತೆ ಜೋಡಿಸಿ ಹೊಲಿದಿಟ್ಟಿದ್ದೇನೆ. ಹೊಲಿಗೆ ಕಂಪನಿಯವರದ್ದಕ್ಕಿಂತ ನೇರ.

ಈಗ ಪರಿಮಳ ಬರುತ್ತಿದೆ.

ಅದೇ ದಿನ, ಸಂಜೆ

ಶ್ರುತಿ ಬಂದಳು. ಮೂಸಿದಳು. ನಗುತ್ತಾಳೆ ಎಂದುಕೊಂಡೆ. ಜಾಕೆಟನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೇ ಕುಳಿತುಬಿಟ್ಟಳು.

"ಅತ್ತೆ... ಇದು ಧೋನೇ ಕಾ ನಹೀಂ ಹೈ, ತೊಳೀಬಾರದು. ನಾನು ಹೇಳಿದ್ದೆ. ಮುಟ್ಟಬೇಡಿ ಹೇಳಿದ್ದೆ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ. ಬೀದಿಯಲ್ಲಿ ಹೋಳಿಯ ಬೆಂಕಿ ಹಚ್ಚಿದ್ದಾರೆ, ಕರೆಯಲು ಬಂದವರಿಗೆ ಅಚ್ಯುತ ಏನೋ ನೆಪ ಹೇಳಿ ಕಳಿಸಿದ.

ಮಾರ್ಚ್ 14, ಶುಕ್ರವಾರ

ಹೊರಗೆ ಬಣ್ಣ, ಡಿಜೆ. ಒಳಗೆ ನಾವು ಮೂವರು, ನಡುವೆ ಮೇಜಿನ ಮೇಲೆ ಜಾಕೆಟ್.

ಅಳಿಯ ಬಾಲಕೃಷ್ಣರಿಗೆ ಫೋನ್ ಮಾಡಿಸಿದೆ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮನೆ, ರಾಕೆಟ್ಟಿನವರ ಸಂಸ್ಥೆಯಲ್ಲಿ ವಿಜ್ಞಾನಿ. ಅಳೆದು ಮಾತಾಡುವ ಮನುಷ್ಯ.

"ಅತ್ತೆ, ಅದು ನೋಡೋಕೆ ಬಟ್ಟೆ ಅಷ್ಟೇ. ಗುಂಡು ತಡೆಯೋದು ಆ ಹಳದಿ ನೂಲೇ. ಅದಕ್ಕೆ ನೀರು ಆಗೋಲ್ಲ. ಬಿಸಿಲಂತೂ ಆಗೋದೇ ಇಲ್ಲ. ಬ್ರಷ್ ಬೇರೆ ಹಾಕಿದೀರಿ..."

"ಹಾಳಾಗಿದೆಯೋ ಇಲ್ಲವೋ, ಹೇಗೆ ಗೊತ್ತಾಗುವುದು?"

"ನೋಡಿ ಹೇಳೋಕಾಗಲ್ಲ. ಗುಂಡು ಹೊಡೆದೇ ನೋಡಬೇಕು."

ಅಚ್ಯುತ ಫೋನ್ ಇಟ್ಟವನೇ, "ಅಮ್ಮ, ಒಣಗಿದೆ ಅಲ್ವಾ? ಹೊಲಿಗೆಯೂ ಚಂದ ಉಂಟು. ಶ್ರುತಿ ಸುಮ್ಮನೆ ತಿಂಗಳು ಮುಗಿಸಿ ವಾಪಸ್ ಕೊಡ್ಲಿ. ಯಾರಿಗೆ ಗೊತ್ತಾಗ್ತದೆ?" ಎಂದ.

"ವಾಪಸ್ ಕೊಟ್ಟದ್ದನ್ನು ಮತ್ತೆ ಯಾರು ಹಾಕಿಕೊಳ್ಳುವುದು?" ಎಂದೆ.

ಇವಳೇ ಹಾಕಿಕೊಂಡರೂ ಹಾಕಿಕೊಂಡಾಳು, ಇನ್ಯಾರ ಮನೆಯ ಹುಡುಗಿಯಾದರೂ ಆದೀತು. ಗಂಡಸರ ಬುದ್ಧಿ!

ನಾನೇ ಆಫೀಸಿಗೆ ಬಂದು ಹೇಳುತ್ತೇನೆ ಎಂದೆ. ಶ್ರುತಿ ಬಾಯಿ ಬಿಟ್ಟದ್ದು ಆಗಲೇ. "ನೀವು ಬರಬೇಡಿ ಅತ್ತೆ. ಅತ್ತೆಯನ್ನು ಕರ್ಕೊಂಡು ಬಂದ್ಳು ಅಂತ ಎಲ್ಲ ನಗ್ತಾರೆ. ಮೈಂ ದೇಖ್ ಲೂಂಗೀ, ನಾನೇ ನೋಡ್ಕೊಳ್ತೇನೆ."

ಮಾರ್ಚ್ 17, ಸೋಮವಾರ

ಜಾಕೆಟ್ ತೆಗೆದುಕೊಂಡು ಹೋದಳು. ಬರಿಗೈಯಲ್ಲಿ ಬಂದಳು.

"ಹೇಳಿದೆಯಾ?"

"ಹೇಳಿದೆ."

"ಎಂತ ಹೇಳಿದರು?"

"ದೇಖತೇ ಹೈಂ, ನೋಡೋಣ ಅಂದ್ರು."

ಊಟ ಸರಿಯಾಗಿ ಮಾಡಲಿಲ್ಲ. ಹುಳಿಗೆ ಉಪ್ಪು ಜಾಸ್ತಿಯಾಗಿತ್ತು, ನನ್ನ ಕೈಯದ್ದೇ.

ಮಾರ್ಚ್ 20, ಗುರುವಾರ

ಇವತ್ತು ಅಚ್ಯುತನ ಬಾಯಿಂದ ಹೊರಬಂತು. ಶ್ರುತಿ ಆಫೀಸಿನಲ್ಲಿ ಹೇಳಿದ್ದು — "ನಾನೇ ತೊಳೆದೆ." ನನ್ನ ಹೆಸರೇ ಎತ್ತಿಲ್ಲ. ಸರಕಾರಿ ಸಾಮಾನು ಬೇಕೆಂದೇ ಹಾಳು ಮಾಡಿದಳು ಎಂದು ವಿಚಾರಣೆ. ನಾಳೆ ಅವಳ ಮೇಲಧಿಕಾರಿ ಮೇಡಂ ಮುಂದೆ ನಿಲ್ಲಬೇಕು. ಟ್ರಯಲ್ಲಿನಿಂದ ತೆಗೆದರೆ ಸ್ಕ್ವಾಡ್ ಇಲ್ಲ.

ಕೋಪ ಬಂತು. ಬಚ್ಚಲಿನ ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ.

"ನನ್ನನ್ನು ಸೆರಗಿನಲ್ಲಿ ಬಚ್ಚಿಡಲಿಕ್ಕೆ ನಿನಗೆ ಯಾರು ಹೇಳಿದ್ದು?"

"ನೀವೇ ಹೇಳೋದಲ್ವಾ ಅತ್ತೆ, ಮನೆ ಮಾತು ಮನೇಲಿ ಇರ್ಬೇಕು ಅಂತ."

ಮದುವೆಯಾಗಿ ಬಂದ ದಿನದಿಂದ ನಾನು ಹೇಳಿದ್ದರಲ್ಲಿ ಇವಳು ಕೇಳಿದ್ದು ಇದೊಂದೇ ಇರಬೇಕು. ಅದೂ ಈಗ!

ನನಗಾಗಿ ಯಾರೂ ಸುಳ್ಳು ಹೇಳುವುದು ಬೇಡ. ಬೇಕಾಗಿಲ್ಲ.

ಮಾರ್ಚ್ 21, ಶುಕ್ರವಾರ

ಮದುವೆಮನೆಗೆ ಉಡುವ ರೇಷ್ಮೆ ಸೀರೆ ಉಟ್ಟೆ. ಆಟೋ ಹಿಡಿದು ಹೋದೆ. ಶ್ರುತಿಗೆ ಹೇಳಲಿಲ್ಲ, ಅವಳು ಮುಂಚೆ ಹೊರಟಿದ್ದಳು. ಗೇಟಿನವನು ಏನು ಕೆಲಸ ಎಂದು ಕೇಳಿದ. "ಜಾಕೆಟ್ ತೊಳೆದವಳು ಬಂದಿದ್ದಾಳೆ ಎಂದು ಹೇಳು" ಎಂದೆ. ಫೋನಿನಲ್ಲಿ ಹಾಗೇ ಹೇಳಿದ. ಕೂಡಲೇ ಒಳಗೆ ಬಿಟ್ಟರು.

ಅಸಿಸ್ಟೆಂಟ್ ಕಮಾಂಡೆಂಟ್ ಸಮೀಕ್ಷಾ ಮೇಡಂ ಗುಜರಾತಿನವರು. ನನ್ನ ಮಗಳಿಗಿಂತ ಚಿಕ್ಕವರು, ಆದರೆ ಕಣ್ಣು ಗಟ್ಟಿ. ಮೇಜಿನ ಮುಂದೆ ಶ್ರುತಿ ಅಟೆನ್ಷನ್. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

ನನ್ನ ಹಿಂದಿ ಸಾಕಷ್ಟು ಚೆನ್ನಾಗಿದೆ. ತೊಳೆದವಳು ನಾನು, ಇವಳಲ್ಲ ಎಂದೆ.

"ಬಾ, ಕುಳಿತುಕೊಳ್ಳಿ" ಎಂದರು ಮೇಡಂ. ಇಲ್ಲಿ ಹಿರಿಯ ಹೆಂಗಸರನ್ನು ಬಾ ಎನ್ನುತ್ತಾರೆ. "ಯಾವುದರಲ್ಲಿ ತೊಳೆದಿರಿ?"

"ಸೋಡಾ, ಸೋಪಿನ ಪುಡಿ, ಬ್ರಷ್."

"ಬ್ರಷ್!" ಮೇಡಂ ಪೆನ್ನು ಕೆಳಗಿಟ್ಟರು. "ತೊಳೆಯಬೇಡಿ ಎಂದು ಶ್ರುತಿ ಹೇಳಲಿಲ್ಲವೇ?"

"ಹೇಳಿದಳು. ನನ್ನ ಮನೆಯಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ."

ಶ್ರುತಿಯ ಗಂಟಲಲ್ಲಿ ಏನೋ ಸಿಕ್ಕಿದ ಸದ್ದು.

"ಮತ್ತೆ ಒಂದು ಮಾತು" ಎಂದೆ. "ಬೆವರು ಕುಡಿಯುವ ಸಾಮಾನನ್ನು ಬಿಚ್ಚಲಾಗದ ಹಾಗೆ ಹೊಲಿದು ಹೆಂಗಸರ ಕೈಯಲ್ಲಿ ಮನೆಗೆ ಕಳಿಸಿದ್ದೀರಿ. ಉಳಿದವರಿಗೆ ಅತ್ತೆಯಂದಿರು ಇಲ್ಲವೇ? ಎಲ್ಲರ ಜಾಕೆಟ್ ತರಿಸಿ ಮೂಸಿ ನೋಡಿ."

ಮೇಡಂ ನನ್ನನ್ನು ನೋಡಿದರು, ಶ್ರುತಿಯನ್ನು ನೋಡಿದರು. ನಿಜವಾಗಿಯೂ ತರಿಸಿದರು! ಒಂದು ಡೆಟಾಲ್ ವಾಸನೆ. ಒಂದಕ್ಕೆ ಅಗರಬತ್ತಿಯ ಹೊಗೆ ಹಿಡಿಸಿದ್ದರು. ಒಬ್ಬಳು ಅಳುತ್ತಾ ಹೇಳಿದಳು — ಗಂಡ ವಾಷಿಂಗ್ ಮೆಷಿನ್ನಿಗೆ ಹಾಕಿದ್ದಾನೆ, ಹೇಳಲು ಹೆದರಿಕೆ. ಇನ್ನೊಬ್ಬಳ ತಾಯಿ ಇಸ್ತ್ರಿ ಮಾಡಿದ್ದಾರೆ.

ಎಲ್ಲವೂ ಅಹಮದಾಬಾದಿಗೆ ಹೋಗುತ್ತವೆ, ಗುಂಡು ಹೊಡೆದು ನೋಡುತ್ತಾರೆ ಎಂದರು ಮೇಡಂ. ಶ್ರುತಿಯ ವಿಷಯ ಅದಾದ ಮೇಲೆ. ಸುಳ್ಳು ಹೇಳಿದ್ದಕ್ಕೆ ಕ್ರಮ ಬೇರೆ.

ವಾಪಸ್ ಬರುವಾಗ ಆಟೋದಲ್ಲಿ ಶ್ರುತಿ ಮುಖ ಆ ಕಡೆ ಮಾಡಿಕೊಂಡಿದ್ದಳು. ಮಕರ್‌ಪುರಾ ದಾಟುವಾಗ ಭುಜ ಅಲುಗುವುದು ಕಂಡಿತು. ಅಳುತ್ತಿದ್ದಾಳೆ ಎಂದುಕೊಂಡೆ.

"ಸೂಂಘ್ ಕೇ ದೇಖೋ!" ಎಂದಳು, ನಗು ತಡೆಯಲಾಗದೆ. "ಅಸಿಸ್ಟೆಂಟ್ ಕಮಾಂಡೆಂಟ್‌ಗೆ! ಮೂಸಿ ನೋಡಿ ಅಂತ!"

"ನಗುವುದಕ್ಕೆ ಎಂತದೂ ಇಲ್ಲ" ಎಂದೆ. ಆಟೋದವನೂ ನಗುತ್ತಿದ್ದ, ಅರ್ಥವಾಗದೆ.

ಏಪ್ರಿಲ್ 9, ಬುಧವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಯುಗಾದಿಯೂ ಆಯಿತು.

ಫಲಿತಾಂಶ ಬಂತು. ಉಳಿದ ಜಾಕೆಟುಗಳೆಲ್ಲ ಗುಂಡು ತಡೆದವು. ಮೆಷಿನ್ನಿಗೆ ಹಾಕಿದ್ದೂ ತಡೆಯಿತು. ನಾನು ತೊಳೆದದ್ದರಲ್ಲಿ ತೂರಿ ಹೋಯಿತು.

ಶ್ರುತಿ ಹೇಳಿದಳು, ಆಮೇಲೆ ನನ್ನ ಮುಖ ನೋಡಿ ನೀರು ತಂದುಕೊಟ್ಟಳು. ಅವಳ ಎದೆಯ ಕಡೆಗೇ ನೋಡುತ್ತಿದ್ದೆನಂತೆ, ನನಗೆ ಗೊತ್ತಿಲ್ಲ.

"ಅತ್ತೆ, ಹಾಕ್ಕೊಂಡಿಲ್ಲ ಅಲ್ವಾ ನಾನು. ಯಾರೂ ಹಾಕ್ಕೊಂಡಿಲ್ಲ. ಆಪ್‌ನೇ ಬತಾಯಾ, ನೀವು ಹೇಳಿದ್ದಕ್ಕೇ."

ಆ ಜಾಕೆಟುಗಳನ್ನೆಲ್ಲ ಕಂಪನಿಗೆ ಹಿಂದಕ್ಕೆ ಕಳಿಸಿದರು. ಇನ್ನು ಬರುವವಕ್ಕೆ ಜಿಪ್ ಇರುವ ಮೇಲುಹೊದಿಕೆ, ಅದೊಂದನ್ನು ತೆಗೆದು ತೊಳೆಯಬಹುದು. ಒಳಗಿನದ್ದಕ್ಕೆ ಬೀಗದಂಥ ಸೀಲ್. ಹಿಂದಿ, ಗುಜರಾತಿಯಲ್ಲಿ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ. ಮೊದಲೇ ಮಾಡಬೇಕಿತ್ತು.

ಶ್ರುತಿಗೆ ಸುಳ್ಳು ಹೇಳಿದ್ದಕ್ಕೆ ಲಿಖಿತ ಎಚ್ಚರಿಕೆ. ಸ್ಕ್ವಾಡಿಗೆ ನೇರ ದಾರಿ ಮುಚ್ಚಿತು. ಎಲ್ಲರ ಜೊತೆ ಅಹಮದಾಬಾದಿಗೆ ಹೋಗಿ ಓಟ, ಗುರಿ, ಇಂಟರ್‌ವ್ಯೂ ಎಲ್ಲ ಕೊಡಬಹುದು ಎಂದಿದ್ದಾರೆ ಮೇಡಂ. ಹಳೆಯ ಭಾರದ ಜಾಕೆಟ್ ಹಾಕಿಕೊಂಡೇ ಓಡಬೇಕು.

"ಓಡುತ್ತೀಯಾ?" ಎಂದೆ.

"ದೌಡೂಂಗೀ ನಾ!"

ನಾಳೆಯಿಂದ ಬೆಳಿಗ್ಗೆ ಅವಳಿಗೆ ರಾಗಿ ಗಂಜಿ. ಹೋಟೆಲಿನ ಪೂರಿ ಬಂದ್.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಆರರ ಟ್ರೇನಿಗೆ ಹತ್ತಿಸಿ ಬಂದೆವು. ಬಾಲಕೃಷ್ಣರ ಮನೆಯಲ್ಲಿ ಇರುತ್ತಾಳೆ. ಅವಲಕ್ಕಿ ಕಟ್ಟಿಕೊಟ್ಟೆ. ಕಾಲು ಮುಟ್ಟಲು ಬಗ್ಗಿದಳು. ಕಾಲರ್ ಮಡಚಿಕೊಂಡಿತ್ತು, ಸರಿಮಾಡಿದೆ.

ಚಟ್ನಿ ಇವತ್ತು ಚೆನ್ನಾಗಿತ್ತು. ಭಟ್ಟರಿಗೆ ಹೇಳಲಿಲ್ಲ.

ಏಪ್ರಿಲ್ 19, ಶನಿವಾರ. ಬೆಳಿಗ್ಗೆ ಹನ್ನೊಂದು ಗಂಟೆ

ಫೋನ್ ಬಂತು. ಅಚ್ಯುತನಿಗಲ್ಲ. ಮೊದಲು ನನಗೆ.

"ಅತ್ತೆ! ಲಿಸ್ಟ್‌ನಲ್ಲಿ ಹೆಸರು ಉಂಟು! ಮೇರಾ ನಾಮ್ ಉಂಟು!"

ಹಿಂದೆ ಹುಡುಗಿಯರ ಗದ್ದಲ, ಯಾರೋ ಶಿಳ್ಳೆ ಹಾಕುತ್ತಿದ್ದರು. ಕೇಳಿಸಿತೇ ಎಂದು ಮತ್ತೆ ಕೂಗಿದಳು. ತಿಂಡಿ ತಿಂದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಮೊದಲು ತಿನ್ನು ಎಂದು ಇಟ್ಟೆ.

ಅಚ್ಯುತ ಹೋಟೆಲಿನಲ್ಲಿದ್ದಾನೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಇದು. ನಡೆದೇ ಹೋಗುತ್ತೇನೆ, ಮೊಣಕಾಲು ನೋವಿದ್ದರೂ ಸರಿ. ಮುಖ್ಯರಸ್ತೆಯಿಂದ ಬೇಡ, ಸೊಸೈಟಿಯ ಮನೆಗಳ ನಡುವಿನಿಂದ ಹೋದರೆ ಎಲ್ಲರೂ ಬಾಗಿಲಲ್ಲೇ ಇರುತ್ತಾರೆ. ಯಾರಾದರೂ ಎಲ್ಲಿಗೆ ಎಂದು ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನಾನೇ ನಿಂತು ಹೇಳುತ್ತೇನೆ, ಸೊಸೆ ಸ್ಕ್ವಾಡಿಗೆ ಆಯ್ಕೆಯಾದಳು ಎಂದು.