ಅರಸರ ಕೋಟಿನ ಗುಂಡಿ

ಚೈತ್ರದ ಮೂವತ್ತೊಂಬತ್ತನೇ ದಿನ, ಹೊದಿಕೆ ವರ್ಷ ತೊಂಬತ್ತೊಂದು

ಆ ಪಟ ಈಗ ಯಾರ ಮನೆಯಲ್ಲಿದೆಯೋ ಅವರಿಗೆ,

ಈ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ತಿಂಗಳುಗಳನ್ನೂ ಎಳೆದು ಉದ್ದ ಮಾಡಿದರು. ನಿಮಗೂ ನನಗೂ ನಡುವೆ ಇನ್ನೂರು ವರ್ಷವಾದರೂ ಇದೆ. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾಲ್ಕು ಜನರೆದುರು ನನಗೆ ಮಾತು ಬರುವುದಿಲ್ಲ. ನೀವು ಎದುರಿಗಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ಮುದ್ದಾಜಿ. ಬಿಸಿಲು ತಡೆಯಲು ನಮ್ಮೂರಿನ ಮೇಲೆ ಗುಡ್ಡದಿಂದ ಗುಡ್ಡಕ್ಕೆ ದಪ್ಪ ಬಟ್ಟೆ ಕಟ್ಟಿದ್ದೇವೆ. ಅದಕ್ಕೆ ಹೊದಿಕೆ ಎನ್ನುತ್ತೇವೆ. ಅದು ಹರಿದಾಗ ಹಗ್ಗ ಹಿಡಿದು ಹತ್ತಿ ಹೊಲಿಯುವುದು ನನ್ನ ಕೆಲಸ. ಉಳಿದ ಹೊತ್ತು ಊರವರ ಅಂಗಿ, ಲಂಗ. ನಿಮ್ಮ ಕಾಲದವರು ಹಾಡು, ಕುಣಿತ, ಮದುವೆ ಎಲ್ಲವನ್ನೂ ಕೈಯಗಲದ ಗಾಜಿನ ಯಂತ್ರಗಳಲ್ಲಿ ತುಂಬಿಟ್ಟಿದ್ದರಂತೆ. ಅವೆಲ್ಲ ಒಟ್ಟಿಗೆ ನಿಂತುಹೋದ ವರ್ಷವನ್ನು ನಮ್ಮ ಹಿರಿಯರು ಕುರುಡು ವರ್ಷ ಎಂದು ಕರೆಯುತ್ತಿದ್ದರು. ಅಷ್ಟರಲ್ಲಿ ಕಂಸಾಳೆ ಕುಣಿಯುವವರು ದಿಕ್ಕಿಗೊಬ್ಬರಾಗಿ ಚದುರಿದ್ದರು. ಉಳಿದದ್ದು ಒಂದು ಜೊತೆ ಕಂಚಿನ ಕಂಸಾಳೆ ಮತ್ತು ನಿಮ್ಮ ಆ ಹಳೆಯ ಫೋಟೋ ಪಟ, ಅಷ್ಟೇ.

ಪಟದಲ್ಲಿ ಅರಸರೊಬ್ಬರು ಕುರ್ಚಿಯಲ್ಲಿ ಕುಳಿತಿದ್ದಾರೆ. ಹಿಂದೆ ಛತ್ರಿ ಹಿಡಿದವನು, ಕೋಟು ತೊಟ್ಟ ಇಬ್ಬರು ಅಧಿಕಾರಿಗಳು. ಅವರಲ್ಲೊಬ್ಬ ಬಾಯಿ ತೆರೆದು ಆಕಳಿಸುತ್ತಿದ್ದಾನೆ. ಮುಂದೆ ಕುಣಿಯುವವರೆಲ್ಲ ಮಬ್ಬು, ಒಬ್ಬ ಮಾತ್ರ ಸ್ಪಷ್ಟ. ಮೊಣಕಾಲು ಮಡಿಸಿ, ಬಟ್ಟಲಿನಂಥ ತಾಳವನ್ನು ಬಲ ಅಂಗೈಯಲ್ಲಿಟ್ಟು, ದಾರ ಕಟ್ಟಿದ ಇನ್ನೊಂದನ್ನು ಎಡಗೈಯಿಂದ ಬೀಸುತ್ತಿದ್ದಾನೆ. ಈ ಒಬ್ಬನನ್ನು ನೋಡಿಕೊಂಡೇ ನಮ್ಮೂರಿನ ಜವರಪ್ಪ ತಾತ ನಲವತ್ತು ವರ್ಷದ ಹಿಂದೆ ಕುಣಿತವನ್ನು ಮತ್ತೆ ಕಟ್ಟಿದರು. ಪಟದಲ್ಲಿ ಏನೇನಿದೆಯೋ ಎಲ್ಲ ಇರಲೇಬೇಕು ಎಂಬುದು ಅವರ ಕಟ್ಟಳೆ. ಆದ್ದರಿಂದ ಪ್ರತಿ ಕುಣಿತಕ್ಕೂ ಕುರ್ಚಿ ಹಾಕಿ ಒಬ್ಬರನ್ನು ಅರಸರಾಗಿ ಕೂರಿಸುತ್ತೇವೆ, ಛತ್ರಿ ಹಿಡಿಯುತ್ತೇವೆ. ಆಕಳಿಸುವುದಕ್ಕೂ ಒಂದು ಮನೆತನವಿದೆ. ಹೋದ ವರ್ಷ ಆ ಮನೆಯ ದುಂಡಯ್ಯನಿಗೆ ಆಕಳಿಕೆ ಬರದೆ ಸೀನು ಬಂತು. "ಅರಸರ ಮುಂದೆ ಸೀನ್ತೀಯೇನ್ಲಾ, ಮನೆತನ ತೊಳೆದ್ಬುಟ್ಟೆ!" ಎಂದು ಅವನ ಹೆಂಡತಿಯೇ ಸಭೆಯಲ್ಲಿ ಬೈದಳು.

ಏಳು ವರ್ಷದವಳಿದ್ದಾಗ ನಾನೂ ಕಲಿಯಲು ಹೋಗಿದ್ದೆ. ದಾರ ನನ್ನ ಬಲಗೈಯಲ್ಲೇ ಸೊಗಸಾಗಿ ಸುತ್ತುತ್ತಿತ್ತು, ಎಡಗೈಗೆ ಬದಲಿಸಿದರೆ ಹಣೆಗೆ ಬಡಿಯುತ್ತಿತ್ತು. "ನಿಂಗೆ ಒಲೀನಿಲ್ಲ ಕಣವ್ವ, ಸೂಜಿ ಹಿಡ್ಕೊ ಹೋಗು" ಎಂದು ತಾತ ಕಳಿಸಿದರು. ನನ್ನ ಹಾಗೆ ವಾಪಸಾದವರು ಊರಿನಲ್ಲಿ ಬಹಳ ಮಂದಿ.

ನಾಳೆ ನಲವತ್ತನೇ ವರ್ಷದ ಕುಣಿತ. ಅರಸರಿಗೆ ಹೊಸ ಕೋಟು ಹೊಲಿ ಎಂದು ತಾತ ಮೊದಲ ಬಾರಿಗೆ ಪಟವನ್ನು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟರು. ಗುಂಡಿ ತೂರಿಸುವ ಕಾಜಾಕ್ಕೆ ಗುರುತು ಹಾಕುವಾಗ ನನ್ನ ಕೈ ನಿಂತಿತು. ಗಂಡಸರ ಅಂಗಿಗೆ ಎಡಪಟ್ಟಿ ಮೇಲೆ ಬರಬೇಕು, ಗುಂಡಿ ಬಲಕ್ಕೆ. ಅರಸರ ಕೋಟಿನಲ್ಲಿ ಬಲಪಟ್ಟಿ ಮೇಲಿದೆ. ಅಧಿಕಾರಿಗಳಿಬ್ಬರದೂ ಹಾಗೆಯೇ. ಮೂವರ ದರ್ಜಿಗಳೂ ಒಟ್ಟಿಗೆ ತಪ್ಪುವುದುಂಟೆ? ಕನ್ನಡಿ ತಂದು ಪಟವನ್ನು ಎದುರಿಗೆ ಹಿಡಿದೆ. ಗುಂಡಿಗಳು ತಮ್ಮ ಜಾಗಕ್ಕೆ ಬಂದವು. ಕುಣಿಯುವವನ ದಾರ ಬಲಗೈಗೆ ಬಂತು.

ಯಾರೋ ಪಟವನ್ನು ತಿರುವುಮುರುವಾಗಿ ಅಚ್ಚು ಹಾಕಿದ್ದಾರೆ ಎನಿಸಿತು. ಎರಡು ದಿನ ಕೋಟಿನ ತೋಳಷ್ಟೇ ಹೊಲಿದೆ. ಒಮ್ಮೆ ತಾತನ ಮನೆ ಬಾಗಿಲವರೆಗೆ ಹೋಗಿ ಹಿಂತಿರುಗಿದೆ. ಬೀಸಿ ಬೀಸಿ ಅವರ ಎಡಭುಜ ಜಾರಿ, ಈಗ ಬಾಚಣಿಗೆ ಎತ್ತಲೂ ಆಗುವುದಿಲ್ಲ. ಅವರಿಗೆ ಇದನ್ನು ಹೇಗೆ ಹೇಳುವುದು? ಹೇಳದಿದ್ದರೆ ನಾಳೆಯೂ ಬಲಗೈ ಮಕ್ಕಳನ್ನು ಹಿಂದಕ್ಕೆ ಕಳಿಸುತ್ತಾರೆ.

ಈ ಬೆಳಿಗ್ಗೆ ಪಟ, ಕನ್ನಡಿ ಎರಡನ್ನೂ ಅವರ ಮುಂದಿಟ್ಟೆ.

"ಏನವ್ವ ಇದು? ಈ ವಯಸ್ಸಲ್ಲಿ ನಂಗೆ ಅಲಂಕಾರವಾ?"

"ಕನ್ನಡೀಲಿ ನೋಡಿ ತಾತ. ಗುಂಡಿ ನೋಡಿ. ಆಮೇಲೆ ಕೈ ನೋಡಿ."

ಪಟವನ್ನು ಕನ್ನಡಿಗೆ ಹಿಡಿದು ಒಂದೊಂದೇ ಗುಂಡಿ ಎಣಿಸಿದರು. ಕಡೆಗೆ, "ಆ ಕಾಲ್ದಲ್ಲಿ ಕೋಟು ಹಿಂಗೇ ಇತ್ತೇನೋ. ನೀನೇನು ಹೋಗಿ ನೋಡಿದ್ಯಾ?" ಎಂದರು. ನಿಜವಾಗಿ ನಾನೇನು ನೋಡಿದ್ದೇನೆ?

ಪಟ ಎತ್ತಿಕೊಂಡು ನಾನು ಬಾಗಿಲಿಗೆ ಬಂದಾಗ ಹಿಂದಿನಿಂದ ಕರೆದರು. "ಮುದ್ದಾಜಿ, ಪಟದ ಹಿಂದ್ಗಡೆ ರಟ್ಟು ಯಾರೂ ಬಿಚ್ಚಿಲ್ಲ. ಏನಾರ ಬರ್ದಿದ್ರೂ ಬರ್ದಿರ್ತಾರೆ. ನೀನೇ ಬಿಚ್ಚು. ಏನಿದ್ರೂ ನಂಗೆ ಹೇಳು, ಮುಚ್ಚಿಡ್ಬೇಡ."

ಅದಕ್ಕೇ ಈ ಕಾಗದ. ಆ ಪಟ ನಿಮ್ಮ ಗೋಡೆಯಲ್ಲೋ ಪೆಟ್ಟಿಗೆಯಲ್ಲೋ ಇನ್ನೂ ಹಳತಾಗುತ್ತಿದೆ. ಕಂಸಾಳೆ ಬೀಸುವವರು ನಿಮ್ಮ ಸುತ್ತ ಬದುಕಿದ್ದಾರೆ. ಯಾವ ಕೈಯಲ್ಲಿ ಬೀಸುತ್ತಾರೆಂದು ಅವರನ್ನು ಕೇಳಿ, ಪಟದ ಬೆನ್ನಿಗೆ ಒಂದು ಸಾಲು ಬರೆದಿಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ. ಜಾಗ ಉಳಿದರೆ ಆ ಕುಣಿಯುವವನ ಹೆಸರನ್ನೂ ಬರೆಯಿರಿ.

ನೀವು ನಾಳೆ ಬರೆದರೂ ನನ್ನ ಪಾಲಿಗೆ ಅದು ಇನ್ನೂರು ವರ್ಷದ ಹಿಂದೆಯೇ ಬರೆದದ್ದು, ಈಗಾಗಲೇ ಅಲ್ಲಿರುತ್ತದೆ. ಕೋಟು ಸಿದ್ಧವಾಗಿದೆ, ಗುಂಡಿ ಮಾತ್ರ ಹೊಲಿದಿಲ್ಲ. ಕಿಟಕಿಯಾಚೆ ತಾತನ ಅಂಗಳ ಕಾಣುತ್ತದೆ. ಅವರು ಒಬ್ಬರೇ ನಿಂತು ಬಲಗೈಗೆ ದಾರ ಸುತ್ತಿಕೊಂಡಿದ್ದಾರೆ. ಒಂದು ಸಲ ಬೀಸಿದರು, ತಪ್ಪಿತು. ಮತ್ತೆ ಬೀಸುತ್ತಿದ್ದಾರೆ.

ರಟ್ಟಿಗೆ ನಾಲ್ಕು ಮೊಳೆಗಳಿವೆ. ಮೂರು ಕಿತ್ತಿದ್ದೇನೆ.

ಇತಿ,
ಮುದ್ದಾಜಿ