ಮಿಸೆಸ್ ರಾಟ್ರೆಯ ಊರು

ಮಾರ್ಚ್ ೪, ಮಂಗಳವಾರ

ಬೆಳಗಿನ ಶಿಫ್ಟ್. ವೃದ್ಧರ ರೆಸ್ಟ್‌ಹೋಮ್‌ನಲ್ಲಿ ಇವತ್ತೂ ಇಬ್ಬರು ರಜೆ. ಎಂಟು ಜನರಿಗೆ ಸ್ನಾನ ಮಾಡಿಸುವುದು ನನ್ನದೇ ಪಾಲು. ಏಳನೇ ರೂಮಿನ ಮಿಸೆಸ್ ರಾಟ್ರೆ — ತೊಂಬತ್ತೊಂದು ವರ್ಷ, ಸ್ಕಾಟ್ಲೆಂಡಿನವರು — ಕೋಟು ಹಾಕಿಕೊಂಡು ಗೇಟಿನ ತನಕ ನಡೆದುಬಿಟ್ಟಿದ್ದರು. ಎಲ್ಲಿಗೆ ಎಂದರೆ ಜಾನ್‌ಸ್ಟನ್ ಎಂದರು. ಅವರ ಉಚ್ಚಾರ ನನಗೆ ಅರ್ಧ ತಿಳಿಯುವುದಿಲ್ಲ. ಯಾರೋ ಗಂಡಸಿನ ಹೆಸರು ಎಂದುಕೊಂಡೆ. ಸತ್ತ ಗಂಡನ ಹೆಸರು ಜಾರ್ಜ್. ನೋಟ್ಸ್‌ನಲ್ಲಿ ಬರೆದೆ: ಜಾನ್‌ಸ್ಟನ್ ಎಂಬ ಇಲ್ಲದ ಗಂಡಸನ್ನು ಹುಡುಕುತ್ತಾರೆ. ಗೊಂದಲ. ಎರಡು ನಿಮಿಷದ ಕೆಲಸ. ಮನೆಗೆ ಹೋಗುವ ನ್ಯೂ ಲಿನ್ ಬಸ್ಸು ತಪ್ಪಲಿಲ್ಲ.

ಮಾರ್ಚ್ ೧೧

ಡಾಕ್ಟರ್ ಬಂದಿದ್ದರು. ಮಿಸೆಸ್ ರಾಟ್ರೆಗೆ ಹುಟ್ಟಿದ ಊರು ಕೇಳಿದರಂತೆ. ಫೈಲಿನಲ್ಲಿ ಪರ್ತ್ ಎಂದಿದೆ. ಇವರು ಮತ್ತೆ ಜಾನ್‌ಸ್ಟನ್ ಎಂದರಂತೆ. ಮ್ಯಾನೇಜರ್ ನನ್ನ ನೋಟ್ ತೋರಿಸಿದರು. ಮರೆವಿನವರನ್ನು ಇಡುವ, ಬೀಗ ಹಾಕುವ ವಾರ್ಡಿಗೆ ಕಳಿಸಿದರು. ಹೋಗುವಾಗ ಮಿಸೆಸ್ ರಾಟ್ರೆ ನನ್ನ ಕೈ ಹಿಡಿದುಕೊಂಡರು. ಹೊಳೆ ಪಕ್ಕದಲ್ಲೇ ಮನೆ, ನೀನಾದರೂ ಹೇಳು ಎಂದರು. ಆಗಲಿ ಎಂದೆ. ಯಾರಿಗೂ ಹೇಳಲಿಲ್ಲ...

ಏಪ್ರಿಲ್ ೧೩, ಭಾನುವಾರ, ಮಧ್ಯಾಹ್ನ

ಏವನ್‌ಡೇಲ್ ಮಾರ್ಕೆಟ್ಟಿನಿಂದ ತಂದ ಮೆಂತ್ಯ ಬಿಡಿಸುತ್ತಿದ್ದೆ. ನಮ್ಮವರು, ಅನಂತ್, ಫೋನಿನಲ್ಲಿ ಫುಟ್‌ಬಾಲ್ ಸುದ್ದಿ ಓದುತ್ತ ಸೇಂಟ್ ಜಾನ್‌ಸ್ಟನ್ ಎಂದೇನೋ ಅಂದರು. ಕೈ ನಿಂತಿತು.

“ಯಾರ್ರೀ ಅದು?”

“ಯಾರೂ ಅಲ್ಲ ಕಣೇ, ಟೀಮು. ಸ್ಕಾಟ್ಲೆಂಡಲ್ಲಿ ಪರ್ತ್ ಇದೆಯಲ್ಲ, ಆ ಊರಿಂದು. ಊರಿನ ಹಳೇ ಹೆಸರೇ ಅದು.”

ಆಮೇಲೆ ನಾನೇ ಹುಡುಕಿ ಓದಿದೆ. ಟೇ ನದಿಯ ದಡ. ಪರ್ತ್ ಎಂದರೆ ಹಳೆಯ ಯಾವುದೋ ಭಾಷೆಯಲ್ಲಿ ತೋಪು. ಊರ ನಡುವೆ ಸಂತ ಜಾನ್‌ನ ಚರ್ಚು. ಅದಕ್ಕೇ ಜನ ನೂರಾರು ವರ್ಷ ಸೇಂಟ್ ಜಾನ್ಸ್ ಟೂನ್ ಎಂದರು — ಸಂತ ಜಾನ್‌ನ ಊರು.

ಮಿಸೆಸ್ ರಾಟ್ರೆ ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ನಮ್ಮಜ್ಜಿ ಸಾಯುವ ತನಕ ಶ್ರೀರಂಗಪಟ್ಟಣಕ್ಕೆ ‘ಪಟ್ಣ’ ಎಂದೇ ಅನ್ನುತ್ತಿದ್ದರು. ಅಜ್ಜಿಗೆ ಮರೆವು ಎಂದು ಯಾರೂ ಬರೆದಿಡಲಿಲ್ಲ.

ಏಪ್ರಿಲ್ ೧೪

ಮ್ಯಾನೇಜರ್‌ಗೆ ಹೇಳಿದೆ. ತಪ್ಪು ನನ್ನದೆಂದು ಬರೆದುಕೊಟ್ಟೆ. ಮುಂದಿನ ತಪಾಸಣೆ ಜೂನ್‌ನಲ್ಲಿ, ಆಗ ನೋಡೋಣ ಎಂದರು. ನಾನು ಆ ವಾರ್ಡಿನವಳಲ್ಲ. ಒಳಗೆ ಹೋಗಲು ಪರ್ಮಿಷನ್ ಬೇಕಂತೆ.

ಮೇ ೨, ಶುಕ್ರವಾರ

ಪರ್ಮಿಷನ್ ಇವತ್ತು ಸಿಕ್ಕಿತು. ಮಿಸೆಸ್ ರಾಟ್ರೆ ಸೊರಗಿದ್ದಾರೆ. ಕುರ್ಚಿಯ ಮುಂದೆ ಮಂಡಿಯೂರಿ ಕೂತೆ. ಟೇ ನದಿ, ಚರ್ಚು, ಹಳೆಯ ಹೆಸರು — ಎಲ್ಲ ಹೇಳಿದೆ. ನಿಮ್ಮ ಊರು ನನಗೀಗ ಗೊತ್ತು ಎಂದೆ. ಸಮಾಧಾನ ಮಾಡುವ ಹಾಗೆ ನನ್ನ ಕೆನ್ನೆ ತಟ್ಟಿದರು.

“ಅಂಥ ಊರಿಲ್ಲಮ್ಮ. ನಂಗೆ ಮರೆವು. ಇವ್ರು ಬರೆದಿಟ್ಟಿದ್ದಾರೆ.”

ಬರೆದವಳು ನಾನೇ ಎನ್ನಬೇಕಿತ್ತು. ಬಾಯಿ ತೆರೆದೆ. ಅವರು ಆಗಲೇ ಕಿಟಕಿಯ ಕಡೆ ತಿರುಗಿದ್ದರು.