ದನಿಗೆ ಮೂರು ವಾರ ರಜೆ

ಘೋಡಬಂದರ್ ರಸ್ತೆ, ಠಾಣೆ ಪಶ್ಚಿಮ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಮ್ಮನಿಗೆ, ನಿನ್ನ ಶ್ರದ್ಧಾ ಮಾಡುವ ನಮಸ್ಕಾರಗಳು.

ಹೇಗಿದ್ದಿ? ಮಂಡಿನೋವು ಈಗ ಹೇಗಿದೆ? ದೋಹಾದಲ್ಲೂ ಈ ತಿಂಗಳು ಚಳಿ ಇರುತ್ತದಂತೆ, ಕಾಲುಚೀಲ ಹಾಕಿಕೊಂಡೇ ಮಲಗು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವಾಗ ನೆಲದ ಮೇಲೆ ಕಾಲು ಚಾಚಿ ಕೂರಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ. ಮಾತ್ರೆ ಮುಗಿದಿರಬಹುದೆಂದು ಎರಡು ಪಟ್ಟಿ ಕಳಿಸಿದ್ದೇನೆ. ಜೊತೆಗೆ ಸ್ವಲ್ಪ ಹಪ್ಪಳ, ಮಿಡಿ ಉಪ್ಪಿನಕಾಯಿ ಇದೆ. ಎಲ್ಲವನ್ನೂ ನೀನು ಕೆಲಸಕ್ಕಿರುವ ಆ ಮನೆಯವರಿಗೇ ಬಡಿಸಿ ಮುಗಿಸಬೇಡ.

ಮೇಲಿನ ವಿಳಾಸ ನೋಡಿ ನಿನಗೆ ಗಾಬರಿಯಾಗಿರಬಹುದು. ಅದರ ಕತೆ ಆಮೇಲೆ. ಹನ್ನೊಂದು ದಿನದಿಂದ ನಿನ್ನ ಫೋನ್ ಎತ್ತಿಲ್ಲ. ನೆಟ್‌ವರ್ಕ್ ಇಲ್ಲ, ಮೀಟಿಂಗ್ ಇದೆ, ತಲೆನೋವು ಎಂದು ಮೆಸೇಜು ಹಾಕಿದ್ದೆಲ್ಲ ಸುಳ್ಳು. ನನ್ನ ದನಿ ಹೋಗಿದೆ ಅಮ್ಮಾ. ಗಂಟಲಿನೊಳಗೆ ಎರಡೂ ಕಡೆ ಸಣ್ಣ ಗಂಟು ಕಟ್ಟಿದೆಯಂತೆ. ಹೆದರಬೇಡ, ಕೆಟ್ಟ ಗಂಟಲ್ಲ, ಅತಿಯಾಗಿ ಮಾತಾಡಿದ್ದರಿಂದ ಬಂದದ್ದು. ಮೂರು ವಾರ ಒಂದಕ್ಷರ ಆಡಬಾರದು, ಪಿಸುಗುಡುವುದಂತೂ ಬೇಡವೇ ಬೇಡ ಎಂದು ಡಾಕ್ಟರರ ಅಪ್ಪಣೆ. ಮೆಸೇಜಿನಲ್ಲಿ ಹೇಳೋಣವೆಂದರೆ, ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ನೀನು ಅದನ್ನು ಆ ಮನೆಯ ಸೊಸೆಯಿಂದ ಓದಿಸುತ್ತಿ. ಮೂರನೆಯವರ ಬಾಯಲ್ಲಿ ಇದು ನಿನಗೆ ತಲುಪುವುದು ಬೇಡವಿತ್ತು. ನಮ್ಮ ಹಳೇ ನೆರೆಮನೆಯ ವೇದಾವತಿ ಆಂಟಿ ಗುರುವಾರ ಮಗನನ್ನು ನೋಡಲು ದೋಹಾಕ್ಕೆ ಹೊರಟಿದ್ದಾರೆಂದು ತಿಳಿದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು, ಮಗು ಮಲಗಿದ ಮೇಲೆ ನಿಧಾನವಾಗಿ ಓದು.

ಇನ್ನೊಂದು ಸುಳ್ಳನ್ನೂ ಒಪ್ಪಿಕೊಂಡುಬಿಡುತ್ತೇನೆ. ಡೊಂಬಿವಲಿಯ ನಮ್ಮ ರೂಮು ಈಗ ಇಲ್ಲ. ನೀನು ಬಾಣಂತನದ ಕೆಲಸಕ್ಕೆಂದು ವಿಮಾನ ಹತ್ತಿದ ಮೂರನೇ ತಿಂಗಳಿಗೇ ಬಿಟ್ಟುಕೊಟ್ಟೆ. ಕಂಪನಿಯವರು ಲ್ಯಾಪ್‌ಟಾಪು, ಹೆಡ್‌ಫೋನು ಕೊಟ್ಟು ಮನೆಯಿಂದಲೇ ಕೆಲಸ ಮಾಡಿ ಎಂದಾಗ ನಾವಿಬ್ಬರೂ ಎಷ್ಟು ಖುಷಿಪಟ್ಟಿದ್ದೆವು, ನೆನಪಿದೆಯಾ? ಇನ್ನು ಲೋಕಲ್ ರೈಲಿನಲ್ಲಿ ನೇತಾಡುವುದು ತಪ್ಪಿತು ಎಂದು ನೀನು ದೇವರಿಗೆ ದೀಪ ಹಚ್ಚಿದ್ದಿ. ಆದರೆ ಆ ಲೋಕಲ್ ನಮ್ಮ ಕಿಟಕಿಯ ಕೆಳಗೇ ಓಡುತ್ತಿತ್ತಲ್ಲ! ನೀರಿನ ಫಿಲ್ಟರು ಕೆಟ್ಟಿದೆಯೆಂದು ದಾವಣಗೆರೆಯಿಂದಲೋ ಸಿಂಧನೂರಿನಿಂದಲೋ ಜನ ಫೋನ್ ಮಾಡುತ್ತಿದ್ದರು. ನಾನು "ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ" ಎನ್ನುವಷ್ಟರಲ್ಲಿ ಫಾಸ್ಟ್ ಗಾಡಿ ಹಾದುಹೋಗುತ್ತಿತ್ತು. "ಏನ್ರಿ ಮೇಡಂ, ಸ್ಟೇಷನ್ನಾಗ ಕುಂತು ಮಾತಾಡ್ತೀರೇನು?" ಎಂದು ಒಬ್ಬರು ಕೇಳಿಯೇಬಿಟ್ಟರು. ನಮ್ಮ ಕರೆಗಳನ್ನು ಕೇಳಿ ಅಂಕ ಹಾಕುವವರು ಬೇರೆ ಇದ್ದಾರೆ. ಹಿಂದೆ ಸದ್ದು ಕೇಳಿದರೆ ಅಂಕ ಹೋಗುತ್ತದೆ, ಅಂಕ ಹೋದರೆ ಬಡ್ತಿ ಇಲ್ಲ. ನನಗೆ ಬಡ್ತಿ ಬೇಕಿತ್ತು. ನೌಪಾಡಾದ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತಾರು ವರ್ಷ ಕೂತ ಅಪ್ಪ, ಎಂಥ ಸಿಟ್ಟಿನ ಗಿರಾಕಿಯನ್ನೂ "ಆಯ್ತು ಸ್ವಾಮಿ, ಈಗ ಸರಿ ಮಾಡುವಾ" ಎಂದು ತಣ್ಣಗೆ ಮಾಡುತ್ತಿದ್ದದ್ದನ್ನು ನೋಡಿ ಬೆಳೆದವಳು ನಾನು. ಈ ಕೆಲಸ ನನ್ನ ಕೈಗೆ ಹತ್ತುತ್ತದೆ, ಇದರಲ್ಲೇ ಮೇಲೆ ಹೋಗುತ್ತೇನೆ ಎಂಬ ಹಟವಿತ್ತು.

ಹಾಗಾಗಿ ಸದ್ದಿಲ್ಲದ ಜಾಗ ಹುಡುಕುತ್ತ ಹೊರಟೆ. ಕಲ್ಯಾಣದಲ್ಲಿ ಒಂದು ಪಿಜಿ, ಕೋಣೆಗೆ ನಾಲ್ವರು. ಅಲ್ಲಿ ಕಂಬಳಿ ಹೊದ್ದು, ಅದರೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾತಾಡುತ್ತಿದ್ದೆ. ಮೇ ತಿಂಗಳಿನಲ್ಲಿ ಕಂಬಳಿಯೊಳಗೆ ಕೂತು, ಬೆವರು ಒರೆಸಿಕೊಳ್ಳುತ್ತ, ಫಿಲ್ಟರಿನಲ್ಲಿ ತಣ್ಣೀರಿನ ಗುಂಡಿ ಯಾವುದೆಂದು ಜನರಿಗೆ ಹೇಳಿಕೊಡುತ್ತಿದ್ದೆ. ಆಮೇಲೆ ವಿಠ್ಠಲವಾಡಿಯಲ್ಲಿ ವಸಂತಕುಮಾರ ಮಾವನ ಮನೆ. ಮಾವ, ಅತ್ತೆ ಬಂಗಾರದಂಥವರು. ಆದರೆ ಕೆಳಗಡೆ ಅಂಗಡಿ ಶಟರ್ ಮಾಡುವ ವರ್ಕ್‌ಶಾಪು, ದಿನವಿಡೀ ಕಬ್ಬಿಣ ಬಡಿಯುವ ಸದ್ದು. ಅಲ್ಲಿಂದ ಕೋಪರ್‌ಖೈರಣೆಯಲ್ಲಿ ಟ್ಯೂಷನ್ ಕ್ಲಾಸಿನ ಮೇಲಿನ ಕೋಣೆ, ಮತ್ತೆ ಕಲ್ಯಾಣ, ಮತ್ತೆ ಐರೋಲಿ. ಒಂದೂವರೆ ವರ್ಷದಲ್ಲಿ ಐದು ಮನೆ. ನನ್ನದೆಂದು ಉಳಿದದ್ದು ಒಂದು ಸೂಟ್‌ಕೇಸ್, ಒಂದು ಚಾಪೆ, ನಿನ್ನ ಇಡ್ಲಿ ಪಾತ್ರೆ. ವಿಡಿಯೋ ಕಾಲ್ ಮಾಡುವಾಗ ಹಿಂದೆ ಬಿಳಿ ಗೋಡೆ ಮಾತ್ರ ಕಾಣುವಂತೆ ಕೂರುತ್ತಿದ್ದೆ. "ಒಣಸ್ ಆಂಡಾ ಮಗಾ?" ಎಂದು ನೀನು ಕೇಳುವಾಗ, ಊಟ ಆಯಿತು ಎನ್ನುತ್ತಿದ್ದೆ. ಯಾರ ಮನೆಯಲ್ಲಿ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಈಗಿರುವ ಮನೆ ಮೈಸೂರಿನ ಸೂರ್ಯನಾರಾಯಣ ಮತ್ತು ಭಾಗೀರಥಿ ದಂಪತಿಯದು. ಮಗಳ ಹೆರಿಗೆಗೆಂದು ಕೆನಡಾಕ್ಕೆ ಹೋಗಿದ್ದಾರೆ, ಏಪ್ರಿಲ್ ಮೊದಲ ವಾರ ವಾಪಸು. ಅಲ್ಲಿಯವರೆಗೆ ಮನೆ ನೋಡಿಕೊಂಡು, ಗಿಡಗಳಿಗೆ ನೀರು ಹಾಕಿಕೊಂಡಿರಲು ಒಬ್ಬರು ಬೇಕಿತ್ತು. ಹತ್ತೊಂಬತ್ತನೇ ಮಹಡಿ. ಇಲ್ಲಿ ಕಾಗೆಯ ಕೂಗೂ ಕೇಳುವುದಿಲ್ಲ. ದಸರೆಯ ಹೊತ್ತಿಗೆ ಬಂದೆ. ಎರಡು ತಿಂಗಳು ನನ್ನ ಅಂಕಗಳು ಏರಿದ್ದೇ ಏರಿದ್ದು. ಹೊಸಬರಿಗೆ ಕನ್ನಡ ಕರೆ ಕಲಿಸುವ ಟ್ರೇನರ್ ಹುದ್ದೆ ನಿನಗೇ ಎಂದು ನಮ್ಮ ಮೇಲಿನವ, ಸಂದೇಶ, ಹೇಳಿದ. ಡೊಂಬಿವಲಿಯಲ್ಲೇ ಹುಟ್ಟಿದವನು, ತಾಯಿ ಬೆಳಗಾವಿಯವರು. ಅವನ ಕನ್ನಡದಲ್ಲಿ ಅರ್ಧ ಮರಾಠಿ. ಬಡ್ತಿ ಕೈಗೆ ಬರುವವರೆಗೆ ರಜೆ ಹಾಕಬಾರದೆಂದು ನಾನು ಗಂಟಲಿನ ಕೆರೆತವನ್ನು ಶುಂಠಿ ಬೆಲ್ಲದಲ್ಲೇ ತಳ್ಳಿಕೊಂಡು ಬಂದೆ. ದಿನಕ್ಕೆ ಎಪ್ಪತ್ತು, ಎಂಬತ್ತು ಕರೆ. ಸಂಜೆ ಹೆಡ್‌ಫೋನ್ ತೆಗೆದ ಮೇಲೆ ಹಾಲಿನವನಿಗೆ ಒಂದು ಮಾತು ಹೇಳಲೂ ಆಗುತ್ತಿರಲಿಲ್ಲ, ಬೆರಳಲ್ಲೇ ಲೆಕ್ಕ ತೋರಿಸುತ್ತಿದ್ದೆ. ಅಷ್ಟು ದಣಿವು ಅಮ್ಮಾ. ಮಲಗಿದರೆ ಹೋಗುವ ದಣಿವಲ್ಲ.

ಜನವರಿ ಇಪ್ಪತ್ತೊಂಬತ್ತರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾದಗಿರಿ ಕಡೆಯಿಂದ ಒಂದು ಕರೆ ಬಂತು. ಮಾಪಣ್ಣ ಎಂಬ ಮುದುಕರು. ಫಿಲ್ಟರಿನ ಪೈಪು ಕಿತ್ತು ನೀರು ಮನೆಯೊಳಗೆಲ್ಲ ಹರಿಯುತ್ತಿದೆ. ಸೊಂಟ ಮುರಿದ ಹೆಂಡತಿ ನೆಲದ ಹಾಸಿಗೆಯಲ್ಲಿದ್ದಾರೆ, ಏಳಲಾರರು. ಮಗ, ಸೊಸೆ ಹೊಲಕ್ಕೆ ಹೋಗಿದ್ದಾರೆ. "ನೀರು ಹಾಸಿಗಿತನ ಬಂದದ ಯವ್ವಾ, ಬಲ್ಬಿನ ವೈರಿಂದು ಬೋರ್ಡ್ ಅಲ್ಲೇ ನೆಲದ ಮ್ಯಾಲ ಅದ. ನಲ್ಲಿ ಎಲ್ಲದ ಹೇಳು, ಬಂದ್ ಮಾಡ್ತೀನಿ" ಎಂದರು. ನೀರಿಗೆ ಕಾಲಿಡಬೇಡಿ, ಮೊದಲು ಮೇನ್ ಸ್ವಿಚ್ ತೆಗೆಯಿರಿ ಎಂದು ಹೇಳಬೇಕು. ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದೆ. ಗಂಟಲಿಗೆ ಬೆಂಕಿ ಬಿದ್ದ ಹಾಗಾಯಿತೇ ಹೊರತು ಏನೂ ಇಲ್ಲ. ಆ ಕಡೆ ಅವರು "ಹಲೋ, ಹಲೋ, ಅದೀಯೇನವ್ವಾ?" ಎನ್ನುತ್ತಿದ್ದಾರೆ, ನೀರಿನ ಸದ್ದು ಕೇಳುತ್ತಿದೆ. ಕರೆಯನ್ನು ಬೇರೆಯವರಿಗೆ ದಾಟಿಸಿದರೆ ಸಾಲಿನಲ್ಲಿ ಎಂಟು ನಿಮಿಷ ಕಾಯಬೇಕು. ಏನು ಮಾಡಲೂ ತೋಚದೆ ಮೈಕಿನ ಮೇಲೆ ಉಗುರಿನಿಂದ ಕುಟ್ಟಿದೆ.

ಮುದುಕರು ಆ ಸದ್ದಿಗೆ ಕಿವಿಗೊಟ್ಟರು. ಆಮೇಲೆ, "ನಿನ್ನ ದನಿ ಹೋಗ್ಯಾದೇನವ್ವಾ? ಹೌದಂದ್ರ ಒಂದ್ ಸರ್ತಿ ಬಡಿ, ಅಲ್ಲಂದ್ರ ಎರಡು ಬಡಿ" ಎಂದರು. ಒಂದು ಸಲ ಬಡಿದೆ. "ನಲ್ಲಿ ಬಂದ್ ಮಾಡ್ಲೇನು?" ಎರಡು ಸಲ, ಜೋರಾಗಿ. "ಹಾಸಿಗಿ ಎಳೀಲೇನು?" ಎರಡು ಸಲ. ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಕಡೆಗೆ, "ಕರೆಂಟ್ ತಗೀಬೇಕೇನು ಮೊದಲ?" ಎಂದರು. ಒಂದು ಸಲ ಬಡಿದೆ, ಆಮೇಲೆ ಒಂದು ಎಂಬುದೇ ಮರೆತು ಬಡಿಯುತ್ತಲೇ ಇದ್ದೆ. "ಗೊತ್ತಾತು, ಗೊತ್ತಾತು, ಮೇನ್ ಬಾಗಿಲ ಕಡೀಗದ, ಅಲ್ಲಿ ಒಣಾನ ಅದ" ಎಂದು ಹೋದರು. ಖಟ್ ಎಂಬ ಸದ್ದು ಕೇಳಿತು. ನಲ್ಲಿ ಗೋಡೆಯ ಮೇಲಿದೆಯೋ ಮೂಲೆಯಲ್ಲಿದೆಯೋ, ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ಅವರು ಕೇಳುತ್ತಾ, ನಾನು ಬಡಿಯುತ್ತಾ, ನೀರು ನಿಲ್ಲುವಾಗ ಹನ್ನೊಂದು ನಿಮಿಷವಾಗಿತ್ತು. ಅಜ್ಜಿಯನ್ನು ಒಣ ಜಾಗಕ್ಕೆ ಎಳೆದು ಕೂರಿಸಿದ ಮೇಲೆ, ದಮ್ಮು ಕಟ್ಟಿದ ದನಿಯಲ್ಲಿ ಅವರು ಫೋನಿಗೆ ವಾಪಸು ಬಂದರು. "ಈಗ ನಿಂದು ಹೇಳು. ಮನ್ಯಾಗ ಯಾರರ ಅದಾರೇನವ್ವಾ? ಒಂಚೂರು ಬಿಸಿನೀರು ಕಾಸಿ ಕೊಡಾಕ?"

ನಾನು ಒಂದು ಸಲವೂ ಬಡಿಯಲಿಲ್ಲ, ಎರಡು ಸಲವೂ ಬಡಿಯಲಿಲ್ಲ. ಅವರು ಸ್ವಲ್ಪ ಕಾದು, "ಇರ್ಲಿ ತಾಯಿ, ಇರ್ಲಿ" ಎಂದು ಫೋನ್ ಇಟ್ಟರು. ಈ ದೊಡ್ಡ ಮನೆಯ ನಡುವೆ ನೆಲದ ಮೇಲೆ ಕೂತು ತುಂಬ ಅತ್ತೆ. ಅಳುವಿಗೂ ಸದ್ದಿರಲಿಲ್ಲ.

ಕರೆಯಲ್ಲಿ ನಾವು ಮಾತಾಡದೆ ಕಳೆದ ಹೊತ್ತಿಗೆ ನಮ್ಮಲ್ಲಿ ಡೆಡ್ ಏರ್ ಎನ್ನುತ್ತಾರೆ. ಮೂವತ್ತು ಸೆಕೆಂಡು ಮೀರಿದರೆ ತಪ್ಪು. ಹನ್ನೊಂದು ನಿಮಿಷಕ್ಕೆ ನನಗೆ ಸೊನ್ನೆ ಬಿತ್ತು. ಸಂದೇಶ ಫೋನ್ ಮೇಲೆ ಫೋನ್ ಮಾಡಿದ, ನಾನು ಎತ್ತಲಿಲ್ಲ. ಮಾರನೇ ದಿನ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೇ ಬಂದ. ಬೈಯಲು ಬಂದಿದ್ದಾನೆಂದುಕೊಂಡೆ. "ವೇಡಿ ಆಹೇಸ್ ಕಾ ಶ್ರದ್ಧಾ, ಹುಚ್ಚಿಯೇನು? ಆ ಕಾಲ್ ನಾನು ಮೂರು ಸಲ ಕೇಳಿದೆ. ಮೂರೂ ಸಲ ಎದೆ ಹೊಡ್ಕೊಂಡ್ತು. ಚಲ್, ಡಾಕ್ಟರ್ ಕಡೆ" ಎಂದು ಇಬ್ಬರೂ ನನ್ನನ್ನು ನೌಪಾಡಾಕ್ಕೆ ಕರೆದೊಯ್ದರು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದ ಡಾಕ್ಟರು, ಹೀಗೇ ಮಾತಾಡಿದರೆ ಈ ದನಿ ಮತ್ತೆ ಬಾರದು ಎಂದರು. ಸಂದೇಶ ತನ್ನ ಮೇಲಿನವರಿಗೆ ಆ ಕರೆ ಕೇಳಿಸಿದ, ಅವರು ಸೊನ್ನೆ ತೆಗೆದರು. ಆದರೆ ಟ್ರೇನರ್ ಹುದ್ದೆ ಬೇರೊಬ್ಬಳಿಗೆ ಹೋಯಿತು. ದಿನಕ್ಕೆ ಆರು ಗಂಟೆ ಮಾತಾಡಿ ಕಲಿಸುವ ಕೆಲಸ ನನ್ನಿಂದ ಇನ್ನು ಆಗದು. ಅವರನ್ನು ದೂರುವುದಿಲ್ಲ. ಮಾರ್ಚಿನಿಂದ ಚಾಟ್ ವಿಭಾಗ, ಜನ ಬರೆದು ಕೇಳುತ್ತಾರೆ, ನಾನು ಬರೆದು ಹೇಳಬೇಕು. ಆರು ವರ್ಷ ಏರಿದ ಮೆಟ್ಟಿಲಲ್ಲಿ ಎರಡು ಇಳಿದ ಹಾಗೆ. ಒಪ್ಪಿಕೊಂಡೆ. ದುಃಖವಾಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ಒಪ್ಪಿಕೊಂಡ ರಾತ್ರಿ ಒಂಬತ್ತು ಗಂಟೆ ನಿದ್ದೆ ಮಾಡಿದೆ ಅಮ್ಮಾ, ಎಷ್ಟೋ ತಿಂಗಳ ಮೇಲೆ.

ಇನ್ನು ಹತ್ತು ದಿನ ಮೌನ. ದಿನಾ ಆವಿ ತೆಗೆದುಕೊಳ್ಳುತ್ತೇನೆ, ಗಂಜಿ ಉಣ್ಣುತ್ತೇನೆ. ಸಂದೇಶನ ಹೆಂಡತಿ ಎರಡು ಸಲ ಪಿಠಲೆ ಭಾಕ್ರಿ ಕಟ್ಟಿ ಕಳಿಸಿದಳು. ಆ ಮನೆಯ ಸೊಸೆಗೂ ಮಗುವಿಗೂ ನನ್ನ ಹಾರೈಕೆ ತಿಳಿಸು. ಈ ಕಾಗದ ಓದಿ ಅಳಬೇಡ, ಬೈಯುವುದಿದ್ದರೆ ಎಲ್ಲವನ್ನೂ ಸೇರಿಸಿಟ್ಟುಕೊ. ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಮಗಳು,
ಶ್ರದ್ಧಾ

ತಾ.ಕ.: ವೇದಾವತಿ ಆಂಟಿ ಕೆಳಗೆ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಮನೆಯವರು ಇನ್ನೆರಡು ವರ್ಷ ಇರಿ ಅನ್ನುತ್ತಿದ್ದಾರೆ, ಏನು ಹೇಳಲಿ ಎಂದು ಹೋದ ತಿಂಗಳು ಕೇಳಿದ್ದೆಯಲ್ಲ. ನನ್ನದೇನೂ ತೊಂದರೆ ಇಲ್ಲ, ಇರು ಎಂದು ಹೇಳಿದ್ದೆ. ಇರಬೇಡ ಅಮ್ಮಾ. ಕರಾರಿಗೆ ಸಹಿ ಹಾಕಬೇಡ, ಬಾ. ಮನೆ ಇನ್ನೂ ಸಿಕ್ಕಿಲ್ಲ. ನೀನು ಬಂದ ಮೇಲೆ ಇಬ್ಬರೂ ಸೇರಿ ಹುಡುಕುವಾ.